ಸರ್ವೆ ಮರ ರಾಳ ಕೊಡುವುದಿಲ್ಲ, ಅಂಗಡಿಯ ರಾಳ ಹಿಮ್ಮಡಿಗೆ ಹಚ್ಚುವುದಲ್ಲ

ಪ್ರಶ್ನೆ: ನಮ್ಮದು ಚಿತ್ರದುರ್ಗ ತಾಲ್ಲೂಕಿನ ಹಳ್ಳಿ. ಹೊಲದ ಬದುವಿನಲ್ಲಿ ಮಾವ ನೆಟ್ಟ ಸರ್ವೆ ಮರಗಳ ಸಾಲಿದೆ. ಮನೆ ಮುಂದೆ ಒಂದು ಕ್ರಿಸ್‌ಮಸ್ ಮರವಿದ್ದು, ಅದರ ಕಾಂಡದಲ್ಲಿ ಬಿಳಿ ಅಂಟು ಇಳಿದು ಗಟ್ಟಿಯಾಗುತ್ತದೆ. ಪೈನ್ ಮರದ ರಾಳದಿಂದ ಮುಲಾಮು, ಧೂಪ, ನೀರು ಸೋರದ ಲೇಪ ಎಲ್ಲವನ್ನೂ ಮನೆಯಲ್ಲೇ ಮಾಡಬಹುದೆಂದು ಮೊಬೈಲಿನಲ್ಲಿ ನೋಡಿದೆ. ನಮ್ಮ ಮರದ ಅಂಟು ಸಾಲದೆಂದು ದಾವಣಗೆರೆಯ ಗ್ರಂಧಿಗೆ ಅಂಗಡಿಯಿಂದ ಅರ್ಧ ಕಿಲೋ ರಾಳ ತರಿಸಿದೆ. ಅತ್ತೆಯವರ ಹಿಮ್ಮಡಿ ಒಡೆದು ರಕ್ತ ಬರುತ್ತದೆ. ಅವರಿಗೆ ಸಕ್ಕರೆ ಕಾಯಿಲೆ ಇದೆ. ಕೊಬ್ಬರಿ ಎಣ್ಣೆಯಲ್ಲಿ ರಾಳ ಕಾಯಿಸುತ್ತಿದ್ದಾಗ ಬಾಣಲೆಗೇ ಬೆಂಕಿ ಹತ್ತಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಬಯಲಾಟದಲ್ಲಿ ರಾಕ್ಷಸ ವೇಷ ಕಟ್ಟುತ್ತಿದ್ದ ಮಾವ, ‘ಅದು ಬೆಂಕಿಯ ಮದ್ದು, ಮನೆಯೊಳಗೆ ತರಬೇಡ’ ಎಂದು ಗದರಿದರು. ಪಕ್ಕದ ಮನೆಯವರು, ‘ಕುರಿಯ ಗಾಯಕ್ಕೇ ಟರ್ಪೆಂಟೈನ್ ಹಾಕುತ್ತೇವೆ, ಅದೂ ಪೈನ್ ಮರದ್ದೇ. ನೈಸರ್ಗಿಕ ವಸ್ತು, ಏನಾಗುತ್ತದೆ?’ ಎನ್ನುತ್ತಾರೆ. ಯಾರ ಮಾತು ಸರಿ? ಉಳಿದ ರಾಳವನ್ನು ಏನು ಮಾಡಲಿ? ಬಿರುಕು ಬಿಟ್ಟ ಹರವಿಗೆ ಮೆತ್ತಬಹುದೇ?

ಉತ್ತರ: ಮೊದಲು ಅತ್ತೆಯವರ ವಿಷಯ. ಆ ಮುಲಾಮನ್ನು ಅವರ ಕಾಲಿಗೆ ಹಚ್ಚಬೇಡಿ. ಈಗಾಗಲೇ ಹಚ್ಚಿದ್ದರೆ ನಿಲ್ಲಿಸಿ. ಕಾರಣವನ್ನು ಮುಂದೆ ಹೇಳುತ್ತೇನೆ. ಇನ್ನು ಮಾತಿನ ಜಗಳ: ನಿಮ್ಮ ಮಾವನವರಿಗೆ ಮುಕ್ಕಾಲು ಅಂಕ ಕೊಡುತ್ತೇನೆ. ಪಕ್ಕದ ಮನೆಯವರದು ಅರ್ಧ ನಿಜ, ಆದರೆ ಆ ಅರ್ಧವೇ ಅಪಾಯದ್ದು.

ನಿಮ್ಮ ಬಳಿ ಈಗ ಮೂರು ಬೇರೆ ಬೇರೆ ವಸ್ತುಗಳಿವೆ, ಮೂರನ್ನೂ ನೀವು ಒಂದೇ ಎಂದುಕೊಂಡಿದ್ದೀರಿ. ಬಣ್ಣ ಮತ್ತು ವಾರ್ನಿಷ್ ತಯಾರಿಕೆಯಲ್ಲಿ ರಸಾಯನತಜ್ಞನಾಗಿ ದುಡಿದ ನನಗೆ ಇದು ಹೊಸದಲ್ಲ. ‘ರಾಳ ತಂದಿದ್ದೇನೆ, ಕರಗುತ್ತಿಲ್ಲ’ ಎಂದು ಬರುವವರ ಚೀಲದಲ್ಲಿ ಎಷ್ಟೋ ಸಲ ಇರುವುದು ಜಾಲಿ ಮರದ ಅಂಟು.

ಸರ್ವೆಯಿಂದ ಶುರು ಮಾಡೋಣ. ದೂರದಿಂದ ನೋಡಿದರೆ ಅದು ಪೈನಿನ ಅಣ್ಣತಮ್ಮನ ಹಾಗೆಯೇ ಕಾಣುತ್ತದೆ. ಸೂಜಿಯಂಥ ಹಸಿರು, ಗಾಳಿಗೆ ಸುಯ್ಯೆನ್ನುವ ಸದ್ದು, ಪುಟ್ಟ ಗಟ್ಟಿ ಕಾಯಿ. ಆದರೆ ಒಂದು ‘ಸೂಜಿ’ಯನ್ನು ಕಿತ್ತು ಎರಡೂ ತುದಿ ಹಿಡಿದು ಮೆಲ್ಲನೆ ಎಳೆಯಿರಿ. ಗಿಣ್ಣು ಗಿಣ್ಣಾಗಿ ಬಿಚ್ಚಿಕೊಳ್ಳುತ್ತದೆ. ಏಕೆಂದರೆ ಅದು ಎಲೆಯಲ್ಲ, ಹಸಿರು ಕಡ್ಡಿ. ನಿಜವಾದ ಎಲೆ ಆ ಗಿಣ್ಣಿನ ಸುತ್ತ ಹಲ್ಲಿನಂತೆ ನಿಂತಿರುವ ಸಣ್ಣ ಪೊರೆ, ಕಣ್ಣು ಕಿರಿದುಗೊಳಿಸಿ ನೋಡಿದರೆ ಕಾಣುತ್ತದೆ. ಸರ್ವೆ ಹೂಬಿಡುವ ಗಿಡಗಳ ಗುಂಪಿಗೆ ಸೇರಿದ್ದು, ಪೈನಿಗೂ ಅದಕ್ಕೂ ನಂಟಿಲ್ಲ. ಪೈನಿನ ಕಾಂಡದಲ್ಲಿರುವ ರಾಳದ ನಾಳಗಳು ಅದರಲ್ಲಿಲ್ಲ. ನೀವು ಎಷ್ಟು ಕೊಚ್ಚಿದರೂ ಮರಕ್ಕೆ ಗಾಯವಾಗುತ್ತದೆಯೇ ಹೊರತು ರಾಳ ಬರುವುದಿಲ್ಲ. ಗಾಳಿ ತಡೆಗೆ, ಕಂಬಕ್ಕೆ, ಸೌದೆಗೆ ಅದು ಒಳ್ಳೆಯ ಮರ. ಆ ಕೆಲಸಕ್ಕೇ ಬಿಡಿ.

ಮನೆ ಮುಂದಿನ ಕ್ರಿಸ್‌ಮಸ್ ಮರದ ಕಥೆ ಬೇರೆ. ನಮ್ಮ ಊರುಗಳ ಕಾಂಪೌಂಡಿನಲ್ಲಿ ಆ ಹೆಸರಿನಿಂದ ಬೆಳೆಸುವುದು ಸಾಮಾನ್ಯವಾಗಿ ಅರಾಕೇರಿಯಾ. ಅದು ಶಂಕುಧಾರಿ ಮರವೇ ಹೌದು, ಪೈನಿನ ದೂರದ ಸಂಬಂಧಿ. ಆದರೆ ಅದರ ಕಾಂಡದಿಂದ ಇಳಿಯುವ ಬಿಳಿ ಸುರಿತದಲ್ಲಿ ರಾಳದ ಜೊತೆಗೆ ನೀರಿನಲ್ಲಿ ನೆನೆಯುವ ಗೋಂದೂ ಬೆರೆತಿರುತ್ತದೆ. ಹೀಗಾಗಿ ಅದು ಲೇಪಕ್ಕೂ ಒದಗುವುದಿಲ್ಲ, ಅಂಟಿಗೂ ಒದಗುವುದಿಲ್ಲ. ಸುರಿತ ಒಮ್ಮೆಲೇ ಹೆಚ್ಚಾಗಿದ್ದರೆ ಕಾಂಡದಲ್ಲಿ ಪೆಟ್ಟು, ಮೊಳೆ, ಕೊರೆಹುಳುವಿನ ತೂತು ಏನಾದರೂ ಇದೆಯೇ ನೋಡಿ. ಮರ ಅಂಟು ಸುರಿಸುವುದು ತನ್ನ ಗಾಯ ಮುಚ್ಚಿಕೊಳ್ಳುವುದಕ್ಕೆ.

ಗೋಂದು ಮತ್ತು ರಾಳ ಬೇರೆ ಬೇರೆ ಎಂಬುದು ತಿಳಿದರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ. ಜಾಲಿ, ಬೇವು, ದಿಂಡಿಗ ಇವೆಲ್ಲ ಕೊಡುವುದು ಗೋಂದು. ಅದು ಸಕ್ಕರೆಯ ಜಾತಿಯ ವಸ್ತು. ನೀರಿನಲ್ಲಿ ಕರಗುತ್ತದೆ, ಇಲ್ಲವೇ ಉಬ್ಬುತ್ತದೆ. ಬೆಂಕಿಗೆ ಹಿಡಿದರೆ ಕರಗದೆ ಕರಕಲಾಗುತ್ತದೆ. ರಾಳ ಇದಕ್ಕೆ ಪೂರ್ತಿ ವಿರುದ್ಧ. ನೀರಿಗೆ ಜಗ್ಗುವುದಿಲ್ಲ, ಸ್ಪಿರಿಟ್ಟಿನಲ್ಲಿ ಮತ್ತು ಬಿಸಿ ಎಣ್ಣೆಯಲ್ಲಿ ಕರಗುತ್ತದೆ, ಶಾಖಕ್ಕೆ ಮೆತ್ತಗಾಗಿ ಹರಿಯುತ್ತದೆ, ಹತ್ತಿಕೊಂಡರೆ ಕಪ್ಪು ಹೊಗೆ ಬಿಟ್ಟು ಉರಿಯುತ್ತದೆ. ರಾತ್ರಿ ಒಂದು ಚೂರನ್ನು ಲೋಟ ನೀರಿಗೆ ಹಾಕಿಟ್ಟು ಬೆಳಿಗ್ಗೆ ನೋಡಿ. ಲೋಳೆಯಾಗಿದ್ದರೆ ಗೋಂದು, ಹಾಕಿದ ಹಾಗೆಯೇ ತಳದಲ್ಲಿ ಕುಳಿತಿದ್ದರೆ ರಾಳ.

ಮೂರನೆಯದು ಅಂಗಡಿಯಿಂದ ಬಂದದ್ದು. ‘ರಾಳ’ ಎಂದು ಕೇಳಿದರೆ ನಮ್ಮ ಗ್ರಂಧಿಗೆ ಅಂಗಡಿಗಳಲ್ಲಿ ಸಾಲ ಮರದ ರಾಳವನ್ನು ಕೊಡಬಹುದು, ಪಶ್ಚಿಮ ಘಟ್ಟದ ಧೂಪದ ಮರದ್ದನ್ನು ಕೊಡಬಹುದು, ಅಗ್ಗವೆಂದು ರೋಸಿನ್, ಅಂದರೆ ಪೈನಿನ ಹಸಿ ರಾಳವನ್ನು ಭಟ್ಟಿ ಇಳಿಸಿದಾಗ ಉಳಿಯುವ ಗಟ್ಟಿ ಭಾಗವನ್ನೂ ಕೊಡಬಹುದು. ಮೊದಲೆರಡು ಅಗಲ ಎಲೆಯ ಮರಗಳು. ರೋಸಿನ್ ಗುರುತಿಸುವುದು ಕಷ್ಟವಲ್ಲ. ಜೇನಿನ ಬಣ್ಣದಿಂದ ಕಂದು ಬಣ್ಣದವರೆಗಿನ ಗಾಜಿನಂಥ ತುಂಡು. ಕಲ್ಲಿನಿಂದ ಕುಟ್ಟಿದರೆ ಹೊಳೆಯುವ ಅಂಚಿನ ಚಕ್ಕೆಗಳಾಗಿ ಸಿಡಿಯುತ್ತದೆ, ನುಣ್ಣಗೆ ಅರೆದರೆ ಬೆಳ್ಳಗಿನ ಪುಡಿ. ಆ ಪುಡಿಯನ್ನು ಅಂಗೈಯಲ್ಲಿ ಉಜ್ಜಿದರೆ ಕೈಯ ಬಿಸಿಗೇ ಅಂಟಂಟಾಗಿ, ಪೈನಿನ ವಾಸನೆ ಬರುತ್ತದೆ. ಸ್ಪಿರಿಟ್ಟಿನಲ್ಲಿ ಪೂರ್ತಿ ಕರಗುತ್ತದೆ. ಧೂಪದ ಮರದ್ದಾದರೆ ಪೂರ್ತಿ ಕರಗದೆ ಸ್ವಲ್ಪ ಉಳಿಯುತ್ತದೆ. ನಿಮಗೆ ಸಿಕ್ಕಿದ್ದು ಪೈನಿನದೇ ಇರಬಹುದು.

ಹಾಗಿದ್ದರೆ ಅದು ನಮ್ಮ ಕಡೆಯದಲ್ಲ. ನಮ್ಮ ದೇಶದಲ್ಲಿ ರಾಳಕ್ಕಾಗಿ ಮುಖ್ಯವಾಗಿ ಕೆತ್ತುವುದು ಹಿಮಾಲಯದ ತಪ್ಪಲಿನ ಚೀರ್ ಪೈನ್ ಮರವನ್ನು. ಹಿಮಾಚಲ ಪ್ರದೇಶ, ಉತ್ತರಾಖಂಡ, ಜಮ್ಮು ಕಡೆಯ ಗುಡ್ಡಗಳಲ್ಲಿ ಅದು ಬೆಳೆಯುತ್ತದೆ, ಎಲೆಗಳು ಮೂರು ಮೂರು ಸೂಜಿಗಳ ಗೊಂಚಲು. ಕಾಂಡದ ವ್ಯಾಸ ಸುಮಾರು 30 ಸೆಂಟಿಮೀಟರ್ ದಾಟಿದ ಮರದ ತೊಗಟೆಯನ್ನು ಹೆರೆದು, ಓರೆ ಗೀರು ಹಾಕಿ, ಕೆಳಗೆ ಬಟ್ಟಲು ಕಟ್ಟುತ್ತಾರೆ. ರಾಳ ಬೇಗ ಹೆಪ್ಪುಗಟ್ಟಿ ಗಾಯ ಮುಚ್ಚದಿರಲೆಂದು ಗೀರಿಗೆ ಆಮ್ಲದ ದ್ರಾವಣ ಸಿಂಪಡಿಸುವುದೂ ಉಂಟು. ಬೇಸಿಗೆಯಲ್ಲಿ ಹರಿವು ಜಾಸ್ತಿ, ಚಳಿಗಾಲದಲ್ಲಿ ನಿಂತೇಹೋಗುತ್ತದೆ. ಹೀಗೆ ಬಂದ ಮೇಣದಂಥ ಹಸಿ ರಾಳವನ್ನು ಭಟ್ಟಿ ಇಳಿಸಿದರೆ ಎರಡು ಭಾಗವಾಗುತ್ತದೆ. 100 ಕಿಲೋದಲ್ಲಿ ಸುಮಾರು 70ರಿಂದ 75 ಕಿಲೋ ಗಟ್ಟಿ ರೋಸಿನ್, 15ರಿಂದ 20 ಕಿಲೋ ಟರ್ಪೆಂಟೈನ್ ಎಣ್ಣೆ. ಉಳಿದದ್ದು ನೀರು, ಕಸ, ಎಲೆಚೂರು.

ಈ ಎರಡು ಭಾಗ ಎಲ್ಲೆಲ್ಲಿಗೆ ಹೋಗುತ್ತವೆ ಎಂದು ಕೇಳಿದರೆ ನಿಮಗೆ ಆಶ್ಚರ್ಯವಾದೀತು. ರೋಸಿನ್ ಕಾಗದದ ಮೇಲೆ ಶಾಯಿ ಹರಡದಂತೆ ತಡೆಯುತ್ತದೆ. ಮುದ್ರಣದ ಶಾಯಿಗೆ, ರಸ್ತೆಯ ಬಿಳಿ ಪಟ್ಟೆಯ ಬಣ್ಣಕ್ಕೆ, ಅಂಟುಪಟ್ಟಿಗೆ, ಪಿಟೀಲಿನ ಕಮಾನಿಗೆ ಬೇಕು. ಚೂಯಿಂಗ್ ಗಮ್ಮಿಗೂ, ಕೆಲವು ಕಿತ್ತಳೆ ರುಚಿಯ ತಂಪು ಪಾನೀಯಗಳಿಗೂ ಅದರಿಂದ ಮಾಡಿದ ಬೇರೊಂದು ಶುದ್ಧ ಸಂಯುಕ್ತ ಸೇರುತ್ತದೆ. ದಾವಣಗೆರೆಯ ಮೊಬೈಲ್ ರಿಪೇರಿ ಅಂಗಡಿಯವರು ಬೆಸುಗೆ ಕಡ್ಡಿ ಅದ್ದುವ ಹಳದಿ ಪೇಸ್ಟ್ ನೋಡಿದ್ದೀರಲ್ಲ, ಅದರಲ್ಲೂ ಇದೇ. ಟರ್ಪೆಂಟೈನಿನದು ಇನ್ನೂ ಸ್ವಾರಸ್ಯ. ಕೋಟೆಯ ಏಕನಾಥೇಶ್ವರಿ ಗುಡಿಯಲ್ಲಾಗಲಿ ಹರಿಹರೇಶ್ವರನ ಮುಂದಾಗಲಿ ಮಂಗಳಾರತಿಗೆ ಹಚ್ಚುವ ಕರ್ಪೂರ ಇವತ್ತು ಬಹುಮಟ್ಟಿಗೆ ಕರ್ಪೂರದ ಮರದಿಂದ ಬಂದದ್ದಲ್ಲ. ಟರ್ಪೆಂಟೈನಿನಲ್ಲಿರುವ ಪೈನೀನ್ ಎಂಬ ಅಂಶದಿಂದ ಕಾರ್ಖಾನೆಯಲ್ಲಿ ತಯಾರಾದದ್ದು. ಪೈನ್ ನೋಡದವರ ಮನೆಗೂ ಅದು ದಿನವೂ ಬರುತ್ತಿದೆ.

ಇನ್ನು ಬಾಣಲೆ ಹತ್ತಿಕೊಂಡದ್ದೇಕೆ? ರೋಸಿನ್ ಸುಮಾರು 70ರಿಂದ 80 ಡಿಗ್ರಿ ಸೆಲ್ಸಿಯಸ್‌ಗೆ ಮೆತ್ತಗಾಗುತ್ತದೆ. ಕುದಿಯುವ ನೀರಿನ ಶಾಖವೇ ಅದಕ್ಕೆ ಸಾಕು. ನೀವು ನೇರ ಗ್ಯಾಸ್ ಉರಿಯ ಮೇಲೆ ಇಟ್ಟಿರಿ. ಬಾಣಲೆಯ ತಳ ಅದರ ಹಲವು ಪಟ್ಟು ಬಿಸಿಯಾಗಿ, ಎಣ್ಣೆ ಮತ್ತು ರಾಳ ಹೊಗೆಯಾಡಿ, ಆ ಆವಿ ಅಂಚಿನಲ್ಲಿ ಉರಿಗೆ ಮುಟ್ಟಿದೆ. ತುಂಡಿನಲ್ಲಿ ಸ್ವಲ್ಪ ಟರ್ಪೆಂಟೈನ್ ಉಳಿದಿದ್ದರೆ ಇನ್ನೂ ಸುಲಭ. ಅದರ ಆವಿ ಕಿಡಿ ಸೋಕಿದರೆ ಹತ್ತಿಕೊಳ್ಳಲು ಸುಮಾರು 35 ಡಿಗ್ರಿ ಸಾಕು, ಚಿತ್ರದುರ್ಗದ ಏಪ್ರಿಲ್ ಮಧ್ಯಾಹ್ನವೇ ಅಷ್ಟಿರುತ್ತದೆ. ಮಾವನವರು ಬಯಲಾಟದಲ್ಲಿ ಮಾಡುತ್ತಿದ್ದದ್ದು ಇದನ್ನೇ, ಆದರೆ ಬೇಕೆಂದೇ. ರಾಕ್ಷಸ ರಂಗಕ್ಕೆ ಬರುವಾಗ ನುಣ್ಣನೆಯ ರಾಳದ ಪುಡಿಯನ್ನು ಪಂಜಿನ ಮೇಲೆ ಎರಚಿದರೆ ಪ್ರತಿ ಕಣಕ್ಕೂ ಸುತ್ತ ಗಾಳಿ ಸಿಕ್ಕಿ ಎಲ್ಲವೂ ಒಂದೇ ಕ್ಷಣಕ್ಕೆ ಭುಗಿಲೆನ್ನುತ್ತದೆ. ಗಟ್ಟಿ ತುಂಡು ಪಂಜಿಗೆ ಬಿದ್ದರೆ ಸುಮ್ಮನೆ ಕರಗಿ ತೊಟ್ಟಿಕ್ಕುತ್ತದೆ. ‘ಅದು ಬೆಂಕಿಯ ಮದ್ದು’ ಎಂಬ ಅವರ ಅನುಭವದ ಮಾತು ನೂರಕ್ಕೆ ನೂರು ಸರಿ, ಪುಡಿ ಮಾಡಿದ ರಾಳವನ್ನು ಒಲೆಯ ಹತ್ತಿರ ಇಡಲೇಬಾರದು.

ಮತ್ತೆ ಎಂದಾದರೂ ಹೀಗೆ ಹತ್ತಿಕೊಂಡರೆ ನೀರು ಎರಚಬೇಡಿ. ನೀರು ತಳಕ್ಕೆ ಹೋಗಿ ಆವಿಯಾಗಿ ಉರಿಯುವ ರಾಳವನ್ನೇ ಮೇಲಕ್ಕೆ ಚಿಮ್ಮಿಸುತ್ತದೆ. ಗ್ಯಾಸ್ ಆರಿಸಿ, ತಟ್ಟೆ ಮುಚ್ಚಿ, ಪಾತ್ರೆಯನ್ನು ಅಲುಗಾಡಿಸದೆ ಬಿಡಿ. ಕರಗಿದ ರಾಳ ಮೈಗೆ ಬಿದ್ದರೆ ಕೀಳಲು ಹೋಗಬೇಡಿ, ಚರ್ಮವೂ ಬರುತ್ತದೆ. ತಣ್ಣೀರು ಬಿಡುತ್ತಾ ಇದ್ದು ಆಸ್ಪತ್ರೆಗೆ ಹೋಗಿ.

ಈಗ ಹಿಮ್ಮಡಿ. ರಾಳದ ಮುಲಾಮು ಎಂಬುದು ಬರೀ ಕಟ್ಟುಕಥೆಯಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಕಾಲಿನ ಬಿರುಕಿಗೆ ಆಯುರ್ವೇದ ಹೇಳುವ ಲೇಪಗಳಲ್ಲಿ ಸರ್ಜರಸ ಎಂಬ ರಾಳವೂ ಜೇನುಮೇಣವೂ ಇವೆ. ಫಿನ್ಲೆಂಡಿನಲ್ಲಿ ಸ್ಪ್ರೂಸ್ ಮರದ ರಾಳದ ಮುಲಾಮನ್ನು ಹಾಸಿಗೆ ಹುಣ್ಣಿನ ಮೇಲೆ ವೈದ್ಯರೇ ಪರೀಕ್ಷಿಸಿ, ಒಳ್ಳೆಯ ಫಲ ಕಂಡು, 2008ರಲ್ಲಿ ಪ್ರಕಟಿಸಿದ್ದಾರೆ. ನಿಮ್ಮ ಮೊಬೈಲಿನ ಮಾತುಗಳಿಗೆ ಮೂಲ ಇಂಥದ್ದೇ ಇರಬಹುದು. ಆದರೆ ಸರ್ಜರಸ ಪೈನಿನದಲ್ಲ. ಫಿನ್ಲೆಂಡಿನದು ಬೇರೆ ಮರದ್ದು, ಶುದ್ಧಗೊಳಿಸಿ ಅಳತೆಯಲ್ಲಿ ಬೆರೆಸಿದ್ದು, ವೈದ್ಯರ ಕಣ್ಣೆದುರು ಹಚ್ಚಿದ್ದು. ನಿಮ್ಮದು ಬಣ್ಣದ, ಅಂಟಿನ, ಸಾಬೂನಿನ ಉದ್ದಿಮೆಗಾಗಿ ಭಟ್ಟಿ ಇಳಿಸಿ, ಗೋಣಿಯಲ್ಲಿ ತುಂಬಿ, ಅಂಗಡಿಯ ಮೂಲೆಯಲ್ಲಿದ್ದ ತುಂಡು. ಹೆಸರು ಒಂದೇ ಎಂದು ಗುಣ ಒಂದೇ ಆಗುವುದಿಲ್ಲ.

ಇದರ ಮೇಲೆ, ರೋಸಿನ್ ಚರ್ಮದ ಅಲರ್ಜಿಗೆ ಹೆಸರಾದ ವಸ್ತು. ಚರ್ಮರೋಗ ತಜ್ಞರು ಬೆನ್ನಿಗೆ ಪಟ್ಟಿ ಅಂಟಿಸಿ ಮಾಡುವ ಅಲರ್ಜಿ ಪರೀಕ್ಷೆಯ ಸಾಮಾನ್ಯ ಪಟ್ಟಿಯಲ್ಲೇ ಅದಿದೆ. ಗಾಯದ ಪಟ್ಟಿ ಅಂಟಿಸಿದ ಜಾಗ ಚೌಕಾಕಾರವಾಗಿ ಕೆಂಪಾಗಿ ತುರಿಸುವ ಜನರಿದ್ದಾರಲ್ಲ, ಅವರಲ್ಲಿ ಕೆಲವರಿಗೆ ಕಾರಣ ಪಟ್ಟಿಯ ಅಂಟಿನಲ್ಲಿರುವ ರೋಸಿನ್. ರಾಳ ಗಾಳಿಗೆ ತೆರೆದುಕೊಂಡು ಹಳತಾದಷ್ಟೂ ಈ ಗುಣ ಹೆಚ್ಚುತ್ತದೆ.

ಸಕ್ಕರೆ ಕಾಯಿಲೆಯವರ ಕಾಲಿನಲ್ಲಿ ಇದಕ್ಕಿಂತ ದೊಡ್ಡ ತೊಂದರೆ ಇದೆ. ಅವರ ಪಾದದ ನರಗಳು ಮಂಕಾಗಿರಬಹುದು, ಉರಿಯಾಗಲಿ ನೋವಾಗಲಿ ಗೊತ್ತಾಗದಿರಬಹುದು. ರಕ್ತ ಬರುವ ಬಿರುಕಿನ ಮೇಲೆ ಗಾಳಿಯಾಡದ ಅಂಟು ಮೆತ್ತಿದರೆ ಒಳಗೆ ಕೀವಾಗುತ್ತಿದ್ದರೂ ಹೊರಗೆ ಮುಚ್ಚಿಕೊಂಡು ಚೆನ್ನಾಗಿಯೇ ಕಾಣುತ್ತದೆ. ಮತ್ತೆ ಅದನ್ನು ತೆಗೆಯಲು ಉಜ್ಜಬೇಕು, ಬಿಸಿ ಮಾಡಬೇಕು, ಎರಡೂ ಆ ಪಾದಕ್ಕೆ ಕೂಡದು. ನಾನು ವೈದ್ಯನಲ್ಲ, ಆದ್ದರಿಂದ ಔಷಧ ಹೇಳುವುದಿಲ್ಲ. ಈ ವಾರವೇ ಅವರನ್ನು ವೈದ್ಯರಿಗೆ ತೋರಿಸಿ, ಹಚ್ಚಿದ ವಸ್ತುವಿನ ಹೆಸರನ್ನೂ ಹೇಳಿ. ಅಲ್ಲಿಯತನಕ ಕಾಲು ತೊಳೆದು, ಬೆರಳ ಸಂದಿಯ ತೇವ ಒರೆಸಿ, ಮೆತ್ತನೆಯ ಚಪ್ಪಲಿ ಹಾಕಿಸಿ, ಬರಿಗಾಲಲ್ಲಿ ಹೊಲಕ್ಕೆ ಹೋಗದಂತೆ ನೋಡಿಕೊಳ್ಳಿ. ಸಕ್ಕರೆ ಕಾಯಿಲೆ ಇಲ್ಲದ, ರಕ್ತ ಬಾರದ ಬರೀ ಒಣ ಬಿರುಕಿಗಾದರೆ ಔಷಧದ ಅಂಗಡಿಯಲ್ಲಿ ಸಿಗುವ ಸಾದಾ ಪೆಟ್ರೋಲಿಯಂ ಜೆಲ್ಲಿಯೋ ಯೂರಿಯಾ ಇರುವ ಕ್ರೀಮೋ ನಿಮ್ಮ ರಾಳಕ್ಕಿಂತ ವಾಸಿ.

ಪಕ್ಕದ ಮನೆಯವರ ಕುರಿಯ ವಾದಕ್ಕೆ ಬರುತ್ತೇನೆ. ಹುಳು ಬಿದ್ದ ಗಾಯಕ್ಕೆ ಟರ್ಪೆಂಟೈನ್ ಎಣ್ಣೆ ಅದ್ದಿದ ಬಟ್ಟೆ ಇಡುವುದು ನಿಜವಾದ, ಹಳೆಯ ಪಶುವೈದ್ಯ ಪದ್ಧತಿ. ಅದರ ಘಾಟಿಗೆ ಹುಳುಗಳು ಹೊರಬರುತ್ತವೆ, ಅವನ್ನು ಹೆಕ್ಕಿ ತೆಗೆದು ಗಾಯ ತೊಳೆಯುತ್ತಾರೆ. ಹುಳುವನ್ನು ಓಡಿಸುವಷ್ಟು ಘಾಟಿನ ವಸ್ತು ಮಾಂಸಕ್ಕೆ ಹಿತ ಹೇಗಾದೀತು? ಕುರಿ ಹೇಳಿಕೊಳ್ಳುವುದಿಲ್ಲ, ಅಷ್ಟೇ. ಇನ್ನೊಂದು ವಿಷಯ ಕುರಿ ಸಾಕುವ ಎಲ್ಲರಿಗೂ ತಿಳಿದಿರಬೇಕು. ಬಣ್ಣದ ಅಂಗಡಿಯಲ್ಲಿ ‘ಟರ್ಪೆಂಟೈನ್’ ಎಂದು ಕೇಳಿದರೆ ಸಾಮಾನ್ಯವಾಗಿ ಕೊಡುವುದು ಮಿನರಲ್ ಟರ್ಪೆಂಟೈನ್. ಅದು ಸೀಮೆಎಣ್ಣೆಯ ಬಳಗದ ಪೆಟ್ರೋಲಿಯಂ ಪದಾರ್ಥ, ಪೈನಿನ ಹನಿಯೂ ಅದರಲ್ಲಿಲ್ಲ. ಕುರಿಗೆ ಬೇಕಾದದ್ದನ್ನು ಔಷಧದ ಅಂಗಡಿಯಿಂದ ತನ್ನಿ, ಪಶುವೈದ್ಯರನ್ನು ಕೇಳಿ ಹಾಕಿ. ಎರಡನ್ನೂ ಮಕ್ಕಳ ಕೈಗೆ ಸಿಗದಂತೆ ಇಡಿ, ನೀರಿನ ಬಾಟಲಿಯಲ್ಲಂತೂ ತುಂಬಿಡಲೇಬೇಡಿ. ಯಾರಾದರೂ ಕುಡಿದರೆ ವಾಂತಿ ಮಾಡಿಸಬಾರದು, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ನೇರ ಆಸ್ಪತ್ರೆಗೆ ಕರೆದೊಯ್ಯಬೇಕು.

ಸಂಜೆಯ ಧೂಪದ ಬಗ್ಗೆ ನೀವು ವಿವರವಾಗಿ ಕೇಳಿಲ್ಲ, ಆದರೆ ಮನಸ್ಸಿನಲ್ಲಿದೆ ಎಂದು ಗೊತ್ತು. ಕೆಂಡದ ಮೇಲೆ ರೋಸಿನ್ ಹಾಕಿದರೆ ಬರುವುದು ಗಂಧಕ್ಕಿಂತ ಹೆಚ್ಚು ಮಸಿ. ಬೆಸುಗೆ ಕೆಲಸದವರಲ್ಲಿ ಈ ಹೊಗೆಯಿಂದಲೇ ಉಬ್ಬಸ ಬರುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಹೊಗೆ ಇರುವಷ್ಟು ಹೊತ್ತು ಸೊಳ್ಳೆ ದೂರ ಹೋಗಬಹುದು, ಹೊಗೆ ಕರಗಿದ ಮೇಲೆ ಅದೂ ಮರಳುತ್ತದೆ. ಮನೆಯಲ್ಲಿ ಹಸುಗೂಸು, ದಮ್ಮು ಇರುವವರು ಇದ್ದರೆ ಬೇಡ. ದೇವರ ಮುಂದೆ ಧೂಪ ಬೇಕೆಂದರೆ ಸಾಂಬ್ರಾಣಿಯನ್ನು ಚಿಟಿಕೆಯಷ್ಟು ಹಾಕಿ ಕಿಟಕಿ ತೆರೆದಿಡಿ. ಸಾಂಬ್ರಾಣಿಗೂ ರೋಸಿನ್ ಬೆರಕೆ ಮಾಡುತ್ತಾರೆ. ಕೆಂಡದ ಮೇಲೆ ಕರಿ ಹೊಗೆ ಎದ್ದರೆ ಅನುಮಾನಿಸಿ.

ಹರವಿಗೆ ಮೆತ್ತಬಹುದೇ? ಒಳಗಡೆ ಬೇಡವೇ ಬೇಡ, ಕುಡಿಯುವ ನೀರು ಅದನ್ನು ಮುಟ್ಟಬಾರದು. ಹೊರಗಡೆ ಇಡೀ ಮೈಗೆ ಬಳಿದರೂ ಪ್ರಯೋಜನವಿಲ್ಲ. ಹರವಿಯ ನೀರು ತಂಪಾಗುವುದೇ ಮಣ್ಣಿನ ಮೈ ಬೆವರಿ ಆರುವುದರಿಂದ. ಅದನ್ನು ಮುಚ್ಚಿದರೆ ಹರವಿಗೂ ಪ್ಲಾಸ್ಟಿಕ್ ಕೊಡಕ್ಕೂ ವ್ಯತ್ಯಾಸವಿರುವುದಿಲ್ಲ. ಕೈ ತೊಳೆಯುವ, ದನಕ್ಕೆ ಕುಡಿಸುವ ನೀರಿನ ಪಾತ್ರೆಯಾಗಿ ಇಟ್ಟುಕೊಳ್ಳುವುದಾದರೆ ಬಿರುಕಿನ ಗೆರೆಗೆ ಮಾತ್ರ ಹೊರಗಿನಿಂದ ತುಂಬಬಹುದು, ಬಿರುಕು ಸಣ್ಣದಿದ್ದರೆ ನಿಲ್ಲುತ್ತದೆ.

ರೋಸಿನ್ ಒಂದನ್ನೇ ಹಾಕಿದರೆ ಒಣಗಿ ಸೀಳುತ್ತದೆ, ಅದಕ್ಕೆ ಬಾಗುವ ಗುಣ ಕೊಡಬೇಕು. ಅಕ್ಕಸಾಲಿಗರು ಬೆಳ್ಳಿಯ ಹಾಳೆಯನ್ನು ಹಿಂದಿನಿಂದ ಉಬ್ಬಿಸಿ ಕೆತ್ತುವಾಗ ಅಡಿಗೆ ಹಾಕಿಕೊಳ್ಳುವ ಅರಗನ್ನು ನೋಡಿದ್ದರೆ ನಿಮಗೆ ಹದ ತಿಳಿಯುತ್ತದೆ. ರಾಳಕ್ಕೆ ನುಣ್ಣನೆಯ ಇಟ್ಟಿಗೆ ಪುಡಿ, ಸ್ವಲ್ಪ ಎಣ್ಣೆ. ಬಿಸಿಯಲ್ಲಿ ಮೆತ್ತಗಾಗಿ ಉಳಿಯ ಏಟಿಗೆ ಜಗ್ಗುತ್ತದೆ, ತಣಿದಾಗ ಬೆಳ್ಳಿಯನ್ನು ಅಲುಗದಂತೆ ಹಿಡಿಯುತ್ತದೆ. ಎಣ್ಣೆ ಹೆಚ್ಚಾದರೆ ಅಂಟು ಸಡಿಲ, ಕಡಿಮೆಯಾದರೆ ಪೆಟ್ಟಿಗೆ ಸಿಡಿಯುತ್ತದೆ. ಹರವಿಗೂ ಅದೇ ದಾರಿ, ಎಣ್ಣೆಯ ಬದಲು ಜೇನುಮೇಣ ಉತ್ತಮ. ಬಯಲಿನಲ್ಲಿ, ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ಉರಿ ಆರಿಸಿ, ಅದರೊಳಗೆ ಒಂದು ಹಳೆಯ ಡಬ್ಬಿ ಇಳಿಸಿ, ಮೊದಲು ಮೇಣ, ಅದು ಕರಗಿದ ಮೇಲೆ ರಾಳದ ಚೂರು, ಕೊನೆಗೆ ಇಟ್ಟಿಗೆ ಪುಡಿ. ನೀರು ತಣಿದರೆ ಡಬ್ಬಿಯನ್ನು ಹೊರಗೆ ತೆಗೆದಿಟ್ಟು ನೀರನ್ನು ಮಾತ್ರ ಮತ್ತೆ ಕಾಯಿಸಿ. ನಿಧಾನ, ಆದರೆ ಹತ್ತಿಕೊಳ್ಳುವುದಿಲ್ಲ. ಹರವಿ ಪೂರ್ತಿ ಒಣಗಿರಬೇಕು. ತೇವವಿದ್ದರೆ ಎಂಥ ರಾಳವೂ ಹಿಡಿಯದು. ಮೆತ್ತಿದ ಹರವಿಯನ್ನು ಬಿಸಿಲಿಗೆ ಇಡಬೇಡಿ, ತೇಪೆ ಜಾರುತ್ತದೆ. ಇದಕ್ಕೆ ಬಳಸಿದ ಡಬ್ಬಿಯನ್ನೂ ಆ ಬಾಣಲೆಯನ್ನೂ ಮತ್ತೆ ಅಡುಗೆಗೆ ತರಬೇಡಿ.

ತೋಟ ಇದ್ದರೆ ಇನ್ನೊಂದು ಉಪಯೋಗವಿದೆ. ಕಸಿ ಕಟ್ಟಿದ ಜಾಗಕ್ಕೆ ಹಚ್ಚುವ ಹಳೆಯ ಕಸಿಮೇಣ ಇದರದ್ದೇ: 4 ಪಾಲು ರೋಸಿನ್, 2 ಪಾಲು ಜೇನುಮೇಣ, 1 ಪಾಲು ಕೊಬ್ಬು ಇಲ್ಲವೇ ಅಗಸೆ ಎಣ್ಣೆ. ಮಾವಿನ ಕೊಂಬೆ ಕಡಿದ ಗಾಯಕ್ಕೂ ಬಳಿಯುತ್ತಿದ್ದರು. ಈಗ ಪಾಲಿಥೀನ್ ಪಟ್ಟಿ ಸುತ್ತಿದರೆ ಕಸಿಗೆ ಸಾಕು, ಆ ಕೆಲಸಕ್ಕೆಂದು ರಾಳ ಕೊಳ್ಳಬೇಕಿಲ್ಲ. ಇರುವುದನ್ನು ಹಾಗೆ ಮುಗಿಸಬಹುದು. ಅಥವಾ ಗುರುತಿನ ಅಕ್ಕಸಾಲಿಗರಿಗೋ ಪಿಟೀಲು ರಿಪೇರಿ ಮಾಡುವವರಿಗೋ ಕೇಳಿ ನೋಡಿ, ಬೇಕೆಂದರೆ ಕೊಟ್ಟುಬಿಡಿ. ಇಟ್ಟುಕೊಳ್ಳುವುದಾದರೆ ಪುಡಿ ಮಾಡದೆ, ತುಂಡಾಗಿಯೇ, ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ, ಅಡುಗೆಮನೆಯಿಂದ ಆಚೆ.

ಕೊನೆಯದಾಗಿ, ಪೈನ್ ಸಸಿ ತಂದು ಹೊಲದಲ್ಲಿ ನೆಡುವ ಯೋಚನೆ ಇದ್ದರೆ ಬಿಡಿ. ನಮ್ಮ ಒಣ ಸೀಮೆಯ ಮಳೆಗೆ ಅದು ಹೊಂದಿಕೊಂಡರೂ ರಾಳ ತೆಗೆಯುವಷ್ಟು ದಪ್ಪವಾಗಲು ದಶಕಗಳು ಬೇಕು. ಸುತ್ತಲಿನ ಗುಡ್ಡಗಳ ಮರಗಳಿಂದ ಅಂಟು ತೆಗೆಯುವ ಆಸೆಯಿದ್ದರೆ ಒಂದು ಮಾತು ನೆನಪಿರಲಿ. ಕರ್ನಾಟಕ ಅರಣ್ಯ ಕಾಯ್ದೆ, 1963ರ ಪ್ರಕಾರ ಕಾಡಿನ ರಾಳ, ಅಂಟು ಎಲ್ಲವೂ ಅರಣ್ಯೋತ್ಪನ್ನ, ಅನುಮತಿ ಇಲ್ಲದೆ ತರುವಂತಿಲ್ಲ. ಜೋಗಿಮಟ್ಟಿಯಂಥ ವನ್ಯಜೀವಿಧಾಮದೊಳಗೆ ನಿಯಮ ಇನ್ನೂ ಬಿಗಿ. ನಿಮ್ಮದೇ ಬದುವಿನ ಜಾಲಿಯ ಅಂಟಿಗೆ ಈ ತೊಡಕಿಲ್ಲ. ತಾನಾಗಿ ಸೋರಿ ಒಣಗಿದ್ದನ್ನು ಬಿಡಿಸಿ, ನೀರಿನಲ್ಲಿ ನೆನೆಸಿ ಸೋಸಿದರೆ ಕಾಗದ, ಲಕೋಟೆ, ಪುಸ್ತಕದ ರಟ್ಟು ಅಂಟಿಸಲು ಒಳ್ಳೆಯ ಗೋಂದಾಗುತ್ತದೆ. ಒಂದೆರಡು ಲವಂಗ ಹಾಕಿಟ್ಟರೆ ಬೇಗ ಬೂಸಲು ಹಿಡಿಯುವುದಿಲ್ಲ.